ಹಿಮದಲ್ಲಿ ಮಗಳ ಸ್ಕೀಯಿಂಗ್ ವಿಡಿಯೋ ಮಾಡಲು ಯಾವ ಕ್ಯಾಮೆರಾ?

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಜನವರಿಯಲ್ಲಿ ಗುಲ್ಮಾರ್ಗ್‌ನಲ್ಲಿ ಎರಡು ವಾರದ ಸ್ಕೀಯಿಂಗ್ ಕೋರ್ಸ್‌ಗೆ ಸೇರಿದ್ದಾಳೆ. ನಾನೂ ಜೊತೆಗೆ ಹೋಗುತ್ತಿದ್ದೇನೆ, ಆದರೆ ನನಗೆ ಸ್ಕೀ ಬರುವುದಿಲ್ಲ. ಅವಳ ವಿಡಿಯೋ ತೆಗೆಯಬೇಕು. ನೆನಪಿಗೂ ಬೇಕು, ಅವಳು ನೋಡಿ ತಿದ್ದಿಕೊಳ್ಳುವುದಕ್ಕೂ ಬೇಕು. ಕೇಳಿದವರೆಲ್ಲ ಆಕ್ಷನ್ ಕ್ಯಾಮೆರಾ (ಮೈಗೆ, ಹೆಲ್ಮೆಟ್ಟಿಗೆ ಕಟ್ಟಿಕೊಳ್ಳುವ ಪುಟ್ಟ ಕ್ಯಾಮೆರಾ) ತಗೊಳ್ಳಿ ಅನ್ನುತ್ತಾರೆ. 50 ಸಾವಿರ ಎತ್ತಿಟ್ಟಿದ್ದೇನೆ. ಯಾವುದು ಕೊಳ್ಳಲಿ? (ತುಮಕೂರಿನ ಓದುಗರೊಬ್ಬರು)

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ನಿಮಗೆ ಆಕ್ಷನ್ ಕ್ಯಾಮೆರಾ ಬೇಡ. ನಿಮಗೆ ಬೇಕಿರುವುದು ದೂರದಲ್ಲಿರುವವರನ್ನು ಹತ್ತಿರಕ್ಕೆ ಎಳೆದು ತೋರಿಸುವ ಝೂಮ್ ಕ್ಯಾಮೆರಾ. ಅದಕ್ಕೆ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇರಬೇಕು, ಗ್ಲೌಸು ಹಾಕಿಕೊಂಡೇ ಒತ್ತಬಹುದಾದ ಗುಂಡಿಗಳಿರಬೇಕು. ಎರಡು ವಾರದ ಕೆಲಸಕ್ಕೆ ಅದನ್ನು ಕೊಳ್ಳಬೇಕಾಗಿಯೂ ಇಲ್ಲ, ಬೆಂಗಳೂರಿನಲ್ಲಿ ಬಾಡಿಗೆಗೆ ತಗೊಳ್ಳಿ.

ಯಾಕೆ ಅಂತ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಿಮಗೆ ಸಿಕ್ಕಿದ ಸಲಹೆಯನ್ನೇ ನಂಬಿ ನಾನೂ ಒಂದು ಸಲ ಮೋಸ ಹೋಗಿದ್ದೇನೆ. ಮೊದಲ ಸಲ ಉತ್ತರಾಖಂಡದ ಔಲಿಗೆ ಹೋದಾಗ ನನ್ನ ಹತ್ತಿರ ಇದ್ದದ್ದು ಒಂದು ಒಳ್ಳೆಯ ಆಕ್ಷನ್ ಕ್ಯಾಮೆರಾ ಮಾತ್ರ. ಗೆಳೆಯನ ಮಗ ಕಲಿಯುತ್ತಿದ್ದ, ನಾನು ಇಳಿಜಾರಿನ ಬುಡದಲ್ಲಿ ನಿಂತು ಮೂರು ದಿನ ಅವನ ವಿಡಿಯೋ ಮಾಡಿದೆ. ಊರಿಗೆ ಬಂದು ಟಿವಿಗೆ ಹಾಕಿ ನೋಡಿದರೆ ದೊಡ್ಡ ಬಿಳಿ ಗುಡ್ಡ, ಅದರ ಮೇಲೆ ಒಂದು ಇರುವೆ. ಆ ಇರುವೆ ಯಾರು ಅಂತ ಅವನ ಅಮ್ಮನಿಗೂ ಗೊತ್ತಾಗಲಿಲ್ಲ.

ಲೆಕ್ಕ ಹಾಕಿದರೆ ಇದು ಸುಲಭವಾಗಿ ತಿಳಿಯುತ್ತದೆ. ಆಕ್ಷನ್ ಕ್ಯಾಮೆರಾದ ಲೆನ್ಸ್ ತುಂಬಾ ಅಗಲ, ಹಳೆಯ ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ ಸುಮಾರು 16 ಎಂಎಂ. ಈ ಎಂಎಂ ಜಾಸ್ತಿಯಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ನಿಮ್ಮ ಮಗಳು 40 ಮೀಟರ್ ದೂರದಲ್ಲಿದ್ದಾಳೆ ಅಂದುಕೊಳ್ಳಿ. ಸ್ಕೀ ಇಳಿಜಾರಿನಲ್ಲಿ ಅದು ದೂರವೇ ಅಲ್ಲ, ಮೂರ್ನಾಲ್ಕು ತಿರುವು ಅಷ್ಟೇ. ಆ ದೂರದಲ್ಲಿ 16 ಎಂಎಂ ಲೆನ್ಸಿನ ಚೌಕಟ್ಟಿಗೆ ಮೇಲಿಂದ ಕೆಳಕ್ಕೆ 50 ಮೀಟರ್ ಜಾಗ ಹಿಡಿಸುತ್ತದೆ. ಅದರಲ್ಲಿ ಒಂದೂವರೆ ಮೀಟರ್ ಎತ್ತರದ ಹುಡುಗಿ ಅಂದರೆ ನೂರರಲ್ಲಿ ಮೂರು ಪಾಲು. 4ಕೆ ವಿಡಿಯೋದ 2160 ಸಾಲುಗಳಲ್ಲಿ ಅವಳಿಗೆ ಸಿಗುವುದು 65 ಸಾಲು. ಅವಳ ಮೊಣಕಾಲು ಬಗ್ಗಿದೆಯೋ ಇಲ್ಲವೋ 65 ಸಾಲಿನಲ್ಲಿ ಹೇಗೆ ಕಾಣಬೇಕು? ಅದೇ ಜಾಗದಲ್ಲಿ ನಿಂತು 300 ಎಂಎಂಗೆ ಝೂಮ್ ಮಾಡಿದರೆ ಚೌಕಟ್ಟಿನ ಎತ್ತರ 2.7 ಮೀಟರ್. ಈಗ ಅವಳು ಅರ್ಧಕ್ಕಿಂತ ಜಾಸ್ತಿ ತುಂಬಿಕೊಂಡಳು. ಸ್ಕೀಯ ತುದಿ, ಬೂಟು, ಕೈಯಲ್ಲಿನ ಪೋಲು, ಮುಖದ ಭಯ, ಎಲ್ಲ ಕಾಣುತ್ತದೆ.

ಇನ್ನೊಂದು ವಿಷಯ. ಅಗಲ ಲೆನ್ಸಿನಲ್ಲಿ ಇಳಿಜಾರು ಚಪ್ಪಟೆಯಾಗುತ್ತದೆ. ನಿಂತು ನೋಡಿದರೆ ಎದೆ ಝಲ್ ಅನ್ನುವ ಇಳಿಜಾರು, ವಿಡಿಯೋದಲ್ಲಿ ಶಾಲೆಯ ಆಟದ ಮೈದಾನದ ಹಾಗೆ ಕಾಣುತ್ತದೆ. ಅವಳು ಧೈರ್ಯ ಮಾಡಿ ಇಳಿದದ್ದು ಯಾರಿಗೂ ಗೊತ್ತಾಗುವುದಿಲ್ಲ, ಅಲ್ವಾ?

ಆಕ್ಷನ್ ಕ್ಯಾಮೆರಾ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದು ಹುಟ್ಟಿದ್ದೇ ಬೇರೆ ಕೆಲಸಕ್ಕೆ. 2004ರಲ್ಲಿ ಬಂದ, ಆಕ್ಷನ್ ಕ್ಯಾಮೆರಾ ಮಾಡುವ ಗೋಪ್ರೊ ಕಂಪನಿಯ ಮೊದಲ ಕ್ಯಾಮೆರಾ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಫಿಲ್ಮ್ ಕ್ಯಾಮೆರಾ. ಅದನ್ನು ಮಾಡಿದ ನಿಕ್ ವುಡ್‌ಮನ್ ಸರ್ಫಿಂಗ್ ಆಡುವವರು, ಅಲೆಯ ಮೇಲಿರುವವರು ಹತ್ತಿರದಿಂದ ತಮ್ಮನ್ನೂ ಜೊತೆಯವರನ್ನೂ ಹಿಡಿಯಲಿ ಅನ್ನುವುದು ಅವರ ಆಸೆ. ಅಂದರೆ ಆಡುವವರ ಮೈಮೇಲೆ ಇರಬೇಕಾದ ಕ್ಯಾಮೆರಾ ಅದು. ನೀವು ಇರುವುದು ದಡದಲ್ಲಿ.

ಹಾಗಾದರೆ ಯಾವುದು? ನನ್ನ ಮೊದಲ ಆಯ್ಕೆ ಸೋನಿ ಆರ್‌ಎಕ್ಸ್10 ಮಾರ್ಕ್ 4. 2017ರ ಕ್ಯಾಮೆರಾ, ಹಳೆಯದು ಅಂತ ಹಿಂಜರಿಯಬೇಡಿ. ಒಂದೇ ಲೆನ್ಸು, 24ರಿಂದ 600 ಎಂಎಂವರೆಗೆ ಎಳೆಯುತ್ತದೆ, ಹಿಮದಲ್ಲಿ ನಿಂತು ಲೆನ್ಸ್ ಬಿಚ್ಚಿ ಹಾಕುವ ಗೋಳಿಲ್ಲ. ವ್ಯೂಫೈಂಡರ್ ಇದೆ. ತೇವ, ದೂಳು ಸುಲಭವಾಗಿ ಒಳಗೆ ಹೋಗದಂತೆ ಕಟ್ಟಿದ್ದಾರೆ. ಮುಖ್ಯವಾಗಿ, ಎಕ್ಸ್‌ಪೋಷರ್ (ಚಿತ್ರದ ಬೆಳಕು) ಜಾಸ್ತಿ ಕಮ್ಮಿ ಮಾಡಲು ಮೇಲೆಯೇ ತಿರುಗಿಸುವ ಚಕ್ರ ಇದೆ. ಅದು ಯಾಕೆ ಮುಖ್ಯ ಅಂತ ಮುಂದೆ ಹೇಳುತ್ತೇನೆ. ಎರಡು ತೊಂದರೆ ಇವೆ. ತೂಕ ಒಂದು ಕಿಲೋ ದಾಟುತ್ತದೆ. ಬ್ಯಾಟರಿ ಚಿಕ್ಕದು, ನಾಲ್ಕಾದರೂ ಇಟ್ಟುಕೊಳ್ಳಬೇಕು.

ಅದು ಬಾಡಿಗೆಗೆ ಸಿಗದಿದ್ದರೆ ಸೋನಿಯ ಎಎಕ್ಸ್53 ಹ್ಯಾಂಡಿಕ್ಯಾಮ್ ಕೇಳಿ. 20 ಪಟ್ಟು ಝೂಮ್, 26.8ರಿಂದ 536 ಎಂಎಂ. ಲೆನ್ಸಿನ ಗೂಡೇ ಒಳಗೆ ತೇಲುವ ಹಾಗೆ ಮಾಡಿರುವುದರಿಂದ ಕೈ ನಡುಗಿದರೂ ಚಿತ್ರ ಅಷ್ಟಾಗಿ ಅಲುಗುವುದಿಲ್ಲ. ಅಂಗಡಿಯವರು "ಇದೇ ಸರ್, ಹೊಸ ಮಾಡೆಲ್" ಅಂತ ಎಎಕ್ಸ್43 ಕೊಡಬಹುದು. ಅದು ಹೆಚ್ಚು ಕಡಿಮೆ ಇದೇ ಕ್ಯಾಮೆರಾ, ಆದರೆ ವ್ಯೂಫೈಂಡರ್ ತೆಗೆದುಬಿಟ್ಟಿದ್ದಾರೆ. ಹಿಮದಲ್ಲಿ ಅದು ಸಣ್ಣ ವ್ಯತ್ಯಾಸ ಅಲ್ಲ. ಹೊಸದಾಗಿ ಬಿದ್ದ ಹಿಮ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 80ರಿಂದ 90ರಷ್ಟನ್ನು ವಾಪಸ್ ಎಸೆಯುತ್ತದೆ. ಬಿಸಿಲಿದ್ದರೆ ಕ್ಯಾಮೆರಾದ ಹಿಂದಿನ ಸ್ಕ್ರೀನಿನಲ್ಲಿ ನಿಮ್ಮ ಮುಖದ ನೆರಳು ಬಿಟ್ಟು ಇನ್ನೇನೂ ಕಾಣುವುದಿಲ್ಲ, ಮಗಳು ಎಲ್ಲಿದ್ದಾಳೆ ಅಂತ ಹುಡುಕುವುದರಲ್ಲೇ ಅವಳು ಕೆಳಗೆ ಬಂದು ನಿಂತಿರುತ್ತಾಳೆ.

ಬಾಡಿಗೆ ಬೇಡ, ಮುಂದೆಯೂ ಮನೆಯಲ್ಲಿ ಇರಲಿ ಅನ್ನುವುದಾದರೆ ಕ್ಯಾನನ್ ಆರ್50 ಮತ್ತು ಅದರ 55ರಿಂದ 210ರ ಲೆನ್ಸ್ ನೋಡಿ. ಇದಕ್ಕೆ ವ್ಯೂಫೈಂಡರ್ ಇದೆ, ಮನುಷ್ಯರನ್ನು ಗುರುತಿಸಿ ಫೋಕಸ್ ಹಿಂಬಾಲಿಸುತ್ತದೆ, ಹಗುರ. ಝೂಮ್ ಮಾತ್ರ ಫಿಲ್ಮ್ ಲೆಕ್ಕದಲ್ಲಿ 336 ಎಂಎಂಗೆ ನಿಲ್ಲುತ್ತದೆ, ನೀರು ಹಿಮಕ್ಕೆ ರಕ್ಷಣೆ ಇಲ್ಲ. ಹೊಸದು ಕೊಂಡರೆ ನೀವು ಎತ್ತಿಟ್ಟ ದುಡ್ಡು ಸಾಲುವುದು ಕಷ್ಟ.

ಒಂದು ಸಮಾಧಾನದ ವಿಷಯವೂ ಇದೆ. "ದೊಡ್ಡ ಸೆನ್ಸರ್ (ಬೆಳಕು ಹಿಡಿಯುವ ಚಿಪ್), ಕತ್ತಲಲ್ಲೂ ಚೆನ್ನಾಗಿ ತೆಗೆಯುತ್ತದೆ" ಅಂತ ಹೇಳಿ ಮಾರುವ ದುಬಾರಿ ಕ್ಯಾಮೆರಾಗಳ ಕಡೆ ನೀವು ತಲೆ ಹಾಕಬೇಕಿಲ್ಲ. ಹಿಮದ ಮೇಲೆ ಬೆಳಕಿಗೆ ಬರವಿಲ್ಲ. ಸಣ್ಣ ಸೆನ್ಸರಿನ ಹ್ಯಾಂಡಿಕ್ಯಾಮ್ ಕೂಡ ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ.

ಫೋನ್ ಸಾಲದೇ ಅಂತ ಕೇಳುತ್ತೀರಿ. 5 ಪಟ್ಟು ಆಪ್ಟಿಕಲ್ ಝೂಮ್ ಇರುವ ಫೋನಾದರೆ 120 ಎಂಎಂ ಆಗುತ್ತದೆ, 40 ಮೀಟರ್‌ನಲ್ಲಿ ಅವಳು ಚೌಕಟ್ಟಿನ ಐದರಲ್ಲಿ ಒಂದು ಭಾಗ ಆಗುತ್ತಾಳೆ. ನೆನಪಿಗೆ ಪರವಾಗಿಲ್ಲ, ತಿದ್ದಿಕೊಳ್ಳಲು ಸಾಲದು. ಅದಲ್ಲದೆ ಆಪಲ್ ಕಂಪನಿಯವರೇ ಐಫೋನನ್ನು 0ರಿಂದ 35 ಡಿಗ್ರಿಯಲ್ಲಿ ಬಳಸಿ ಅನ್ನುತ್ತಾರೆ. ಜನವರಿಯ ಗುಲ್ಮಾರ್ಗ್‌ನಲ್ಲಿ ಮಧ್ಯಾಹ್ನವೂ ಸೊನ್ನೆಯ ಆಸುಪಾಸು. ಚಾರ್ಜ್ 40 ತೋರಿಸುತ್ತಿದ್ದ ಫೋನು ಕೈಯಲ್ಲೇ ಆರಿಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆಗ ತುರ್ತಿಗೆ ಫೋನೂ ಇಲ್ಲ, ಅದು ನನಗೆ ಜಾಸ್ತಿ ಚಿಂತೆಯ ವಿಷಯ.

ಈಗ ಆ ಚಕ್ರದ ಮಾತು. ಕ್ಯಾಮೆರಾಕ್ಕೆ ಎದುರಿಗಿರುವುದು ಹಿಮವೋ ಬೂದು ಗೋಡೆಯೋ ಗೊತ್ತಿಲ್ಲ. ಏನು ತೋರಿಸಿದರೂ ಅದನ್ನು ನಡು ಬೂದಿಗೆ ತರಲು ನೋಡುತ್ತದೆ. ಚೌಕಟ್ಟು ತುಂಬಾ ಬಿಳಿ ಇದ್ದರೆ "ಅಬ್ಬಾ, ಬೆಳಕು ಜಾಸ್ತಿಯಾಯಿತು" ಅಂತ ತಾನೇ ಕತ್ತಲು ಮಾಡುತ್ತದೆ. ಹಿಮ ಒಲೆಯ ಬೂದಿಯ ಹಾಗೆ, ಮಗಳ ಮುಖ ಮಸಿಯ ಹಾಗೆ. ನಮ್ಮವರ ಮೈಬಣ್ಣಕ್ಕಂತೂ ಇದು ದೊಡ್ಡ ಅನ್ಯಾಯ. ಇದಕ್ಕೆ ಮದ್ದು, ಆ ಚಕ್ರವನ್ನು ಪ್ಲಸ್ ಕಡೆಗೆ 0.7 ಅಥವಾ 1ಕ್ಕೆ ತಿರುಗಿಸಿಡುವುದು. ಕ್ಯಾಮೆರಾದಲ್ಲಿ ಝೀಬ್ರಾ ಅನ್ನುವ ಸೌಲಭ್ಯ ಇದ್ದರೆ 100ಕ್ಕೆ ಇಟ್ಟುಕೊಳ್ಳಿ. ಬೆಳಕು ಮಿತಿ ಮೀರಿದ ಕಡೆ ಪಟ್ಟೆಗಳು ಕಾಣುತ್ತವೆ. ಬಿಸಿಲು ನೇರ ಹೊಡೆಯುವ ಒಂದೆರಡು ತುಣುಕಿನಲ್ಲಿ ಪಟ್ಟೆ ಬಂದರೆ ಸರಿ, ಇಡೀ ಗುಡ್ಡ ಪಟ್ಟೆಯಾದರೆ ಸ್ವಲ್ಪ ಇಳಿಸಿ. ನಾನು ನೋಡುವುದು ಒಂದೇ ಗುರುತು: ಹಿಮದ ಮೇಲೆ ಸ್ಕೀ ಎಳೆದ ಗೆರೆಗಳು ವಿಡಿಯೋದಲ್ಲಿ ಕಾಣಬೇಕು. ಗೆರೆ ಅಳಿಸಿಹೋಗಿದ್ದರೆ ಬೆಳಕು ಜಾಸ್ತಿಯಾಗಿದೆ, ಅದನ್ನು ಆಮೇಲೆ ಯಾವ ಎಡಿಟಿಂಗೂ ವಾಪಸ್ ತರುವುದಿಲ್ಲ.

ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವುದನ್ನು, ಆಟೋದಲ್ಲಿ ಬಿಡಬೇಡಿ. ಬಿಸಿಲಿಂದ ಮರದ ನೆರಳಿಗೆ ಅವಳು ಹೋದ ತಕ್ಷಣ ಹಿಮ ನೀಲಿಯಾಗುತ್ತದೆ, ಕ್ಯಾಮೆರಾ ಗಾಬರಿಯಾಗಿ ಬಣ್ಣ ಬದಲಿಸುತ್ತದೆ, ನೋಡಲು ಕಿರಿಕಿರಿ. ಬಿಸಿಲಿನ ಗುರುತಿಗೆ ಇಟ್ಟು ಬಿಟ್ಟುಬಿಡಿ.

ಶಟರ್ ವೇಗ, ಅಂದರೆ ಒಂದೊಂದು ಫ್ರೇಮಿಗೂ ಎಷ್ಟು ಹೊತ್ತು ಬೆಳಕು ಬಿಡಬೇಕು ಅನ್ನುವುದರ ಬಗ್ಗೆ ನಿಮಗೆ ಬೇರೆ ಬೇರೆ ಸಲಹೆ ಸಿಗುತ್ತವೆ. ಫ್ರೇಮ್ ವೇಗದ ಎರಡರಷ್ಟು ಇಡಿ, ಸೆಕೆಂಡಿಗೆ 25 ಫ್ರೇಮ್ ಆದರೆ 1/50, ಆಗ ಸಿನಿಮಾದ ಹಾಗೆ ಚಲನೆ ಮೃದುವಾಗಿ ಕಾಣುತ್ತದೆ ಅನ್ನುತ್ತಾರೆ. ಮಾತು ಸರಿಯೇ. ಆದರೆ ತಿದ್ದಿಕೊಳ್ಳಲು ನೋಡುವ ವಿಡಿಯೋದಲ್ಲಿ ಯಾವ ಕ್ಷಣದಲ್ಲಿ ನಿಲ್ಲಿಸಿದರೂ ಚಿತ್ರ ಮಸುಕಾಗಬಾರದು. ಸೆಕೆಂಡಿಗೆ 50 ಫ್ರೇಮ್, ಶಟರ್ 1/1000 ಇಡಿ. ಬೆಳಕು ಬೇಕಾದಷ್ಟಿದೆ. 50 ಫ್ರೇಮ್‌ನಲ್ಲಿ ತೆಗೆದದ್ದನ್ನು ಅರ್ಧ ವೇಗದಲ್ಲಿ ಓಡಿಸಿದರೂ ಕುಂಟುವುದಿಲ್ಲ. ಈ ಕ್ಯಾಮೆರಾಗಳಲ್ಲಿ ಹಾಗೆ ತೆಗೆಯಲು 4ಕೆ ಬಿಟ್ಟು ಫುಲ್ ಎಚ್‌ಡಿಗೆ ಇಳಿಯಬೇಕಾಗುತ್ತದೆ. ಇಳಿಯಿರಿ. ಚೌಕಟ್ಟಿನ ಅರ್ಧ ತುಂಬಿರುವ ಮಗಳು ಎಚ್‌ಡಿಯಲ್ಲಿ ಇದ್ದರೂ ಚೆನ್ನಾಗಿ ಕಾಣುತ್ತಾಳೆ, 4ಕೆಯ ಇರುವೆಗಿಂತ ಎಷ್ಟೋ ಮೇಲು.

ಎಲ್ಲಿ ನಿಲ್ಲಬೇಕು ಅನ್ನುವುದು ಯಾವ ಕ್ಯಾಮೆರಾ ಅನ್ನುವಷ್ಟೇ ಮುಖ್ಯ. ಮೊದಲ ವಾರ ಅವಳು ಸ್ನೋಪ್ಲೋ ಕಲಿಯುತ್ತಾಳೆ, ಅಂದರೆ ಎರಡು ಸ್ಕೀಗಳ ತುದಿಯನ್ನು ಮುಂದೆ ಹತ್ತಿರ ತಂದು, ಹಿಂದೆ ಅಗಲ ಮಾಡಿ, ವೇಗ ತಡೆಯುವುದು. ಇದನ್ನು ಕೆಳಗಿನಿಂದ, ಎದುರಿನಿಂದ ಹಿಡಿಯಬೇಕು. ಎರಡೂ ಕಾಲು ಸಮ ಅಗಲಕ್ಕಿವೆಯೇ, ತಿರುವಿನಲ್ಲಿ ಹೊರಗಿನ ಕಾಲಿನ ಮೇಲೆ ಭಾರ ಬಿದ್ದಿದೆಯೇ, ಅದು ಎದುರಿನಿಂದ ಮಾತ್ರ ಕಾಣುತ್ತದೆ. ಹಿಂದಕ್ಕೆ ವಾಲಿ ಕೂರುವ ಹಾಗೆ ಆಗುತ್ತಿದೆಯೇ ಅನ್ನುವುದು ಬದಿಯಿಂದ ಮಾತ್ರ ಕಾಣುತ್ತದೆ, ಹೊಸಬರು ಬಹುತೇಕ ಎಲ್ಲರೂ ಮಾಡುವ ತಪ್ಪು ಅದು. ಹಾಗಾಗಿ ಒಂದು ದಿನ ಕೆಳಗೆ, ಒಂದು ದಿನ ಪಕ್ಕದಲ್ಲಿ ನಿಲ್ಲಿ. ಅವಳು ಹೊರಡುವ ಮೊದಲೇ ರೆಕಾರ್ಡ್ ಒತ್ತಿ, ನಿಂತ ಮೇಲೆ ಐದು ಸೆಕೆಂಡ್ ಬಿಟ್ಟು ನಿಲ್ಲಿಸಿ. ನಡುವೆ ಝೂಮ್ ಮುಂದೆ ಹಿಂದೆ ಆಡಿಸಬೇಡಿ. ಬಿದ್ದರೂ ನಿಲ್ಲಿಸಬೇಡಿ, ಯಾಕೆ ಬಿದ್ದಳು ಅನ್ನುವುದು ಬೀಳುವುದಕ್ಕೆ ಎರಡು ಸೆಕೆಂಡ್ ಮೊದಲಿನ ಚಿತ್ರದಲ್ಲಿರುತ್ತದೆ.

ದಯವಿಟ್ಟು ಇಳಿಜಾರಿನ ಅಂಚಿನಲ್ಲೇ ನಿಲ್ಲಿ. ಅಂತರರಾಷ್ಟ್ರೀಯ ಸ್ಕೀ ಸಂಸ್ಥೆಯ ಹತ್ತು ನಡವಳಿಕೆ ನಿಯಮಗಳಲ್ಲಿ ಆರನೆಯದು ಇದೇ: ಇಕ್ಕಟ್ಟಾದ ಕಡೆ, ಮೇಲಿನವರಿಗೆ ಕಾಣದ ಕಡೆ ನಿಲ್ಲಬಾರದು. ವ್ಯೂಫೈಂಡರಿನಲ್ಲಿ ಕಣ್ಣಿಟ್ಟವರಿಗೆ ಪಕ್ಕದಿಂದ ಬರುವವರು ಕಾಣುವುದಿಲ್ಲ. ಗುಡ್ಡೆಯಂತೆ ಉಬ್ಬಿದ ಜಾಗದ ಕೆಳಗಂತೂ ಬೇಡವೇ ಬೇಡ. ಇನ್ನು ಗೊಂಡೋಲಾ (ಕೇಬಲ್ ಕಾರು) ಹತ್ತಿ ಅಫರ್ವಟ್ ಶಿಖರದ ಕಡೆ ಹೋದರೆ ನೋಟ ಅದ್ಭುತ, ಆದರೆ ಅಲ್ಲಿ ಗುರುತು ಹಾಕಿದ ಜಾಗ ಬಿಟ್ಟರೆ ಹಿಮಕುಸಿತದ ಅಪಾಯ. ಒಳ್ಳೆಯ ಶಾಟ್ ಸಿಗುತ್ತದೆ ಅಂತ ಒಂದು ಹೆಜ್ಜೆಯೂ ಆಚೆ ಇಡಬೇಡಿ.

ಬ್ಯಾಟರಿ. ಲಿಥಿಯಂ ಬ್ಯಾಟರಿಯ ಒಳಗಿನ ರಾಸಾಯನಿಕ ಕೆಲಸ ಚಳಿಯಲ್ಲಿ ನಿಧಾನವಾಗುತ್ತದೆ, ಒಳಗಿನ ತಡೆ ಹೆಚ್ಚಾಗುತ್ತದೆ, ಕ್ಯಾಮೆರಾ ಶಕ್ತಿ ಕೇಳಿದಾಗ ವೋಲ್ಟೇಜ್ ಕುಸಿಯುತ್ತದೆ. ಕ್ಯಾಮೆರಾ "ಖಾಲಿ" ಅನ್ನುತ್ತದೆ, ಆದರೆ ಖಾಲಿಯಾಗಿರುವುದಿಲ್ಲ, ಬೆಚ್ಚಗಾದರೆ ಮತ್ತೆ ಬರುತ್ತದೆ. ಜಾಕೆಟ್ಟಿನ ಒಳಜೇಬಿನಲ್ಲಿ, ಮೈಗೆ ತಾಗುವ ಹಾಗೆ, ಬ್ಯಾಟರಿಗಳನ್ನು ಇಟ್ಟುಕೊಳ್ಳಿ, ಅರ್ಧ ಗಂಟೆಗೊಮ್ಮೆ ಅದಲು ಬದಲು ಮಾಡಿ. ಅಲ್ಲಿಯವರು ಫೆರನ್ ಅನ್ನುವ ಉದ್ದ ನಿಲುವಂಗಿಯ ಒಳಗೆ ಕಾಂಗ್ರಿ ಅನ್ನುವ ಕೆಂಡದ ಬುಟ್ಟಿ ಇಟ್ಟುಕೊಳ್ಳುತ್ತಾರೆ, ಪ್ರೀತಿಯಿಂದ ನಿಮಗೂ ಕೊಡುತ್ತಾರೆ. ಕೈ ಕಾಯಿಸಿಕೊಳ್ಳಿ, ಬ್ಯಾಟರಿಯನ್ನು ಮಾತ್ರ ಅದರ ಹತ್ತಿರ ತರಬೇಡಿ. ಇನ್ನೊಂದು, ತಣ್ಣಗೆ ಕೊರೆಯುತ್ತಿರುವ ಬ್ಯಾಟರಿಯನ್ನು ತಕ್ಷಣ ಚಾರ್ಜಿಗೆ ಹಾಕಬಾರದು. ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹ ಕೂತು ಬ್ಯಾಟರಿ ಕಾಯಂ ಕೆಡುತ್ತದೆ. ಕೋಣೆಯಲ್ಲಿ ಒಂದು ಗಂಟೆ ಬಿಟ್ಟು ಹಾಕಿ. ವಿಮಾನದಲ್ಲಿ ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಎಲ್ಲ ಕೈಚೀಲದಲ್ಲೇ ಇರಬೇಕು, ಚೆಕ್ ಇನ್ ಬ್ಯಾಗಿಗೆ ಹಾಕುವಂತಿಲ್ಲ.

ಕ್ಯಾಮೆರಾ ಕೆಡುವುದು ಹೊರಗಿನ ಚಳಿಗಿಂತ ಜಾಸ್ತಿ ಕೋಣೆಯ ಬಿಸಿಗೆ. ಹೋಟೆಲ್ಲಿನಲ್ಲಿ ಬುಖಾರಿ, ಅಂದರೆ ಸೌದೆ ಒಲೆ, ಉರಿಯುತ್ತಿರುತ್ತದೆ. ಫ್ರಿಜ್ಜಿನಿಂದ ತೆಗೆದ ಚೊಂಬಿನ ಮೇಲೆ ನೀರು ಮೂಡುವ ಹಾಗೆ ಕ್ಯಾಮೆರಾದ ಮೇಲೂ, ಲೆನ್ಸಿನ ಒಳಗೂ ಮೂಡುತ್ತದೆ. ಬಾಗಿಲ ಹೊರಗೇ ಕಾರ್ಡು ತೆಗೆದುಕೊಂಡು, ಕ್ಯಾಮೆರಾವನ್ನು ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮುಚ್ಚಿ, ಆಮೇಲೆ ಒಳಗೆ ಬನ್ನಿ. ಎರಡು ಗಂಟೆ ಚೀಲ ಬಿಚ್ಚಬೇಡಿ. ನೀರೆಲ್ಲ ಚೀಲದ ಹೊರಗೆ ಕೂರುತ್ತದೆ. ಕಾರ್ಡು ಮೊದಲೇ ತೆಗೆದಿರುವುದರಿಂದ ಸಂಜೆ ಟೀ ಕುಡಿಯುತ್ತಾ ವಿಡಿಯೋ ನೋಡಬಹುದು.

ಟ್ರೈಪಾಡ್ ಹೊರಬೇಡಿ. ಕಾಲು ಹಿಮದಲ್ಲಿ ಹೂತುಹೋಗುತ್ತದೆ. ಒಂಟಿ ಕಾಲಿನ ಮೊನೊಪಾಡ್ ಸಾಕು. ಡ್ರೋನ್ ಯೋಚನೆಯಿದ್ದರೆ ಬಿಟ್ಟುಬಿಡಿ, ಗುಲ್ಮಾರ್ಗ್ ಇರುವುದು ನಿಯಂತ್ರಣ ರೇಖೆಗೆ ಹತ್ತಿರ. ಕಾರ್ಡು ವಿ30 ಗುರುತಿನದು, 128 ಜಿಬಿಯ ಎರಡು.

ಎರಡನೇ ವಾರದ ಹೊತ್ತಿಗೆ ಅವಳು ತಿರುವುಗಳಲ್ಲಿ ಗಟ್ಟಿಯಾದರೆ, ಅವಳ ಕಣ್ಣಿಗೆ ಕಂಡದ್ದನ್ನೂ ಹಿಡಿಯುವ ಆಸೆ ಆಗೇ ಆಗುತ್ತದೆ. ಆಗ ಆಕ್ಷನ್ ಕ್ಯಾಮೆರಾ, ಅದೂ ಬಾಡಿಗೆಗೆ, ಮತ್ತು ಅವಳ ಕೋಚ್ ಒಪ್ಪಿದರೆ ಮಾತ್ರ. ಡಿಜೆಐ ಆಸ್ಮೊ ಆಕ್ಷನ್ 4 ಮೈನಸ್ 20 ಡಿಗ್ರಿವರೆಗೆ ಕೆಲಸ ಮಾಡುವಂತೆ ಮಾಡಿದ್ದು. ಗೋಪ್ರೊ ಆದರೆ ಚಳಿಗೆಂದೇ ಬಂದ ಎಂಡ್ಯೂರೊ ಬ್ಯಾಟರಿ ಇರಬೇಕು. ಎದೆಗೆ ಕಟ್ಟಿದರೆ ಅವಳು ಬಗ್ಗಿದಾಗ ಬರೀ ಹಿಮ ಕಾಣುತ್ತದೆ, ಹೆಲ್ಮೆಟ್ಟಿನ ಮೇಲಿದ್ದರೆ ನೋಟ ಚೆನ್ನಾಗಿರುತ್ತದೆ. ಅಂಟಿಸುವ ಪಟ್ಟಿಯನ್ನು ಬೆಚ್ಚಗಿನ ಕೋಣೆಯಲ್ಲಿ ಒಂದು ದಿನ ಮೊದಲೇ ಅಂಟಿಸಿ, ಚಳಿಯಲ್ಲಿ ಅಂಟು ಹಿಡಿಯುವುದಿಲ್ಲ. ಹೊಸ ಡಿಜೆಐ, ಇನ್ಸ್ಟಾ360 ಕ್ಯಾಮೆರಾಗಳನ್ನು ಮೊದಲ ಸಲ ಫೋನಿನ ಆ್ಯಪ್ ಮೂಲಕ ಆ್ಯಕ್ಟಿವೇಟ್ ಮಾಡಬೇಕು, ಅದನ್ನು ಊರಲ್ಲೇ ಮುಗಿಸಿ. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಕಾಶ್ಮೀರದಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಕ್ಯಾಮೆರಾ ಇದ್ದೂ ಇಂಟರ್ನೆಟ್ ಇಲ್ಲದೆ ಅದು ತೆರೆಯದೆ ಕೂತವರನ್ನು ನೋಡಿದ್ದೇನೆ.

ನಿಮ್ಮ ಮಗಳಿಗೆ ಒಂದು ಮಾತು ಹೇಳಿ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅನ್ನುವವರು ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ದೇಶವನ್ನು ಪ್ರತಿನಿಧಿಸಿದ್ದಾರೆ. ಹಿಮವೇ ಬೀಳದ ನಾಡಿನಿಂದ ಹೋದವರು. ಅವರ ಆಟ ಬರೀ ಇಳಿಯುವುದಲ್ಲ, ಏರು, ಇಳಿಜಾರು, ಸಮತಟ್ಟು ಎಲ್ಲದರಲ್ಲೂ ಉದ್ದಕ್ಕೆ ಸಾಗುವುದು, ವಿಡಿಯೋ ಮಾಡುವ ರೀತಿಯೂ ಬೇರೆ. ಆದರೂ ಇದು ತುಮಕೂರಿನ ಹುಡುಗಿಗೆ ಗೊತ್ತಿರಬೇಕು ಅಂತ ನನ್ನ ಆಸೆ. ಅವಳಿಗೆ ಜಾಕೆಟ್ ತರುವಾಗ ಕೆಂಪು, ಕಿತ್ತಳೆ, ಕಡು ಹಳದಿ ಯಾವುದಾದರೂ ತನ್ನಿ. ಬಿಳಿಯೂ ತಿಳಿ ಬೂದಿಯೂ ಬೇಡ. ಹಿಮ ಬೀಳುವಾಗ ಫೋಕಸ್ ತಪ್ಪದೆ ಇರಲು, ಹತ್ತು ಮಕ್ಕಳ ನಡುವೆ ಅವಳನ್ನು ಗುರುತಿಸಲು, ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಕ್ಯಾಮೆರಾವನ್ನು ಹೊರಡುವ ನಾಲ್ಕು ದಿನ ಮೊದಲೇ ಬಾಡಿಗೆಗೆ ತನ್ನಿ, ಎರಡು ಅಭ್ಯಾಸ ಮಾಡಿ. ಮಧ್ಯಾಹ್ನ ತಾರಸಿಯ ಮೇಲೆ ಬಿಳಿ ಬೆಡ್‌ಶೀಟುಗಳನ್ನು ಹಾಸಿ, ಇನ್ನೊಂದನ್ನು ಹಿಂದೆ ತಂತಿಗೆ ನೇತುಹಾಕಿ, ಆ ಜಾಕೆಟ್ ಹಾಕಿದ ಮಗಳನ್ನು ನಡುವೆ ನಿಲ್ಲಿಸಿ, ಚಕ್ರವನ್ನು 0, 0.7, 1 ಅಂತ ತಿರುಗಿಸುತ್ತಾ ಅವಳ ಮುಖ ಹೇಗೆ ಬೆಳಗುತ್ತದೆ ನೋಡಿ. ಸಂಜೆ ಕಾಲೇಜು ಮೈದಾನಕ್ಕೆ ಹೋಗಿ, ಅವಳು 50 ಮೀಟರ್ ಆಚೆಯಿಂದ ಸೈಕಲ್‌ನಲ್ಲಿ ಹಾವಿನ ಹಾಗೆ ಓಲಾಡಿಸುತ್ತಾ ಬರಲಿ, ನೀವು ದಪ್ಪ ಗ್ಲೌಸು ಹಾಕಿಕೊಂಡು, ಅವಳ ಮುಂದೆ ಸ್ವಲ್ಪ ಜಾಗ ಬಿಟ್ಟು, ವ್ಯೂಫೈಂಡರಿನಿಂದ ಕಣ್ಣು ತೆಗೆಯದೆ ಹಿಂಬಾಲಿಸಿ. ರೆಕಾರ್ಡ್ ಗುಂಡಿ ಬೆರಳಿಗೆ ತಾನಾಗಿ ಸಿಗುವವರೆಗೆ ಅವಳನ್ನು ಮತ್ತೆ ಮತ್ತೆ ಸೈಕಲ್ ಹೊಡೆಸಿ.